ಎತ್ತರದ ಹುಡುಗನ ಬೇಸಿಗೆಗಳು

ಉದ್ದ ಬೆಳೆದವರಿಗೆ ಬುದ್ಧಿ ಮೊಣಕಾಲಿನಲ್ಲಿ ಎಂಬ ಕುಚೋದ್ಯದ ಮಾತೊಂದು ನಮ್ಮ ಕಡೆ ಇದೆ. ಹೇಳುವವರು ನಗುತ್ತ ಹೇಳುತ್ತಾರೆ. ಕೇಳಿಸಿಕೊಳ್ಳುವ ಹುಡುಗನೂ ನಕ್ಕುಬಿಡುತ್ತಾನೆ. ಆದರೆ ಅಂದಿನಿಂದ ನಾಲ್ಕು ಜನರ ನಡುವೆ ಬೆನ್ನು ಬಾಗಿಸಿ ನಿಲ್ಲುವುದನ್ನು ಕಲಿಯುತ್ತಾನೆ. ಸ್ಲೊವಾಕಿಯದ ಟ್ರೆಂಚೀನ್ ಎಂಬ ಊರಿನ ಹುಡುಗನೊಬ್ಬನಿಗೆ ಇದೇ ಅಭಿಪ್ರಾಯವನ್ನು ದೊಡ್ಡವರು ನಗದೆಯೇ ಹೇಳಿದರು. ನಿನ್ನ ಮೈಕಟ್ಟಿಗೆ ಹಾಕಿ ಹೇಳಿಸಿದ್ದಲ್ಲ, ಬಾಸ್ಕೆಟ್‌ಬಾಲ್ ಆಡಿಕೋ ಎಂಬುದು ಅವರ ಹಿತವಚನವಾಗಿತ್ತು.

ಹುಡುಗನ ಹೆಸರು ಜ್ಡೆನೊ ಚಾರಾ. ಅವರ ನಾಡಿನ ಉಚ್ಚಾರದಲ್ಲಿ ಅದು ‘ಖಾರಾ’ ಎಂದಾಗುತ್ತದೆ. ಹಾಗೆ ಬರೆದರೆ ನಮ್ಮ ಓದುಗರಿಗೆ ಮೆಣಸಿನಕಾಯಿಯ ನೆನಪಾದೀತೆಂಬ ಅಂಜಿಕೆಯಿಂದ, ಇಂಗ್ಲಿಷ್ ಬಲ್ಲವರ ಬಾಯಲ್ಲಿ ರೂಢಿಯಾದ ರೂಪವನ್ನೇ ಇಲ್ಲಿ ಇಟ್ಟುಕೊಂಡಿದ್ದೇನೆ. 1977ರ ಮಾರ್ಚ್ 18ರಂದು ಈತ ಹುಟ್ಟಿದಾಗ ಆ ಊರು ಚೆಕೊಸ್ಲೊವಾಕಿಯಕ್ಕೆ ಸೇರಿತ್ತು. 1993ರ ಜನವರಿ 1ರಂದು ದೇಶ ಎರಡಾಗಿ, ಹದಿನೈದರ ಹುಡುಗ ಊರು ಬಿಡದೆಯೇ ಬೇರೊಂದು ದೇಶದ ಪ್ರಜೆಯಾದನು. ವಾಹ್ ನದಿಯ ದಡದಲ್ಲಿ, ಬಂಡೆಯ ಮೇಲಿನ ಹಳೆಯ ಕೋಟೆಯ ಕೆಳಗೆ ಹರಡಿರುವ ಟ್ರೆಂಚೀನ್ ದೊಡ್ಡ ನಗರವೇನಲ್ಲ. ಆದರೂ ಆ ಊರಿನ ಐಸ್ ಹಾಕಿ ತಂಡದ ಹೆಸರು ಯುರೋಪಿನ ಉದ್ದಗಲಕ್ಕೂ ಪರಿಚಿತ.

ಐಸ್ ಹಾಕಿಯೆಂದರೆ ನಮ್ಮ ಕೊಡಗಿನ ಮೈದಾನಗಳಲ್ಲಿ ನೋಡುವ ಹಾಕಿಯಲ್ಲ. ನಮ್ಮ ದೇಶದಲ್ಲಿ ಅದನ್ನು ನೋಡಬೇಕಾದರೆ ಚಳಿಗಾಲದಲ್ಲಿ ಲಡಾಖಿನವರೆಗೆ ಹೋಗಬೇಕು. ಸುಮಾರು 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಅಂಗಳ, ಸುತ್ತಲೂ ಗೋಡೆ, ಕಾಲಿಗೆ ಉಕ್ಕಿನ ಅಲಗಿನ ಸ್ಕೇಟು, ಚೆಂಡಿನ ಬದಲು ಮೂರು ಅಂಗುಲ ಅಗಲದ, ಒಂದು ಅಂಗುಲ ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ. ಅದಕ್ಕೆ ‘ಪಕ್’ ಎಂದು ಹೆಸರು. ಒಂದೊಂದು ತಂಡದಿಂದ ಗೋಲಿಯೂ ಸೇರಿ ಆರು ಮಂದಿ ಏಕಕಾಲಕ್ಕೆ ಅಂಗಳದಲ್ಲಿರುತ್ತಾರೆ. ಅವರಲ್ಲಿ ಇಬ್ಬರು ರಕ್ಷಕರು. ಮುಕ್ಕಾಲು ನಿಮಿಷ ಆಡುವುದರೊಳಗೆ ಏದುಸಿರು ಬಂದು, ಬೇರೆ ಜೋಡಿಗೆ ಜಾಗ ಬಿಟ್ಟು ಬೆಂಚಿಗೆ ಮರಳುತ್ತಾರೆ. ಆಟದ ವೇಗ ಅಂಥದು.

ಈ ಇಬ್ಬರು ರಕ್ಷಕರ ಕಷ್ಟವನ್ನು ತುಸು ವಿವರವಾಗಿಯೇ ಹೇಳಬೇಕಾಗಿದೆ. ದಾಳಿಗಾರನು ಮುಖ ಮುಂದೆ ಮಾಡಿ ಬರುತ್ತಾನೆ. ಎಲ್ಲಿಗೆ ಹೋಗಬೇಕೆಂಬುದು ಅವನಿಗೆ ಗೊತ್ತು. ರಕ್ಷಕನಾದರೋ ಅವನನ್ನು ನೋಡುತ್ತಲೇ ಹಿಮ್ಮುಖವಾಗಿ, ಹೆಚ್ಚುಕಡಿಮೆ ಅದೇ ವೇಗದಲ್ಲಿ ಜಾರುತ್ತ ಸಾಗಬೇಕು. ಇಬ್ಬರ ನಡುವಣ ಅಂತರವನ್ನು ಕಾಯುವುದೇ ಅವನ ವಿದ್ಯೆಯ ಅರ್ಧ ಭಾಗ. ಅಂತರ ಹೆಚ್ಚಾದರೆ ಎದುರಾಳಿಗೆ ಹೊಡೆಯಲು ಸಮಯ ಸಿಕ್ಕಿತು. ಕಡಮೆಯಾದರೆ ಅವನು ಬದಿಯಿಂದ ನುಸುಳಿ ಪಾರಾದನು. ನುಸುಳಿದ ಕ್ಷಣದಲ್ಲಿ ರಕ್ಷಕನು ವೇಗ ಕಳೆದುಕೊಳ್ಳದೆ ಸೊಂಟ ತಿರುಗಿಸಿ ಹಿಮ್ಮುಖದಿಂದ ಮುಮ್ಮುಖಕ್ಕೆ ಬರಬೇಕು. ಈ ತಿರುವಿನಲ್ಲಿ ಅರ್ಧ ಕ್ಷಣ ತಡವಾದರೂ ಪಕ್ ಬಲೆಯೊಳಗಿರುತ್ತದೆ. ದಾಳಿಗಾರನು ಹತ್ತು ಸಲ ಯತ್ನಿಸಿ ಒಂದು ಸಲ ಗೆದ್ದರೆ ಜನ ಚಪ್ಪಾಳೆ ತಟ್ಟುತ್ತಾರೆ. ರಕ್ಷಕನು ಒಂಬತ್ತು ಸಲ ಸರಿಯಾಗಿ ಆಡಿ ಒಂದು ಸಲ ಎಡವಿದರೆ, ಸಂಜೆಯ ಮಾತೆಲ್ಲ ಆ ಒಂದರದೇ.

ಇನ್ನು 6 ಅಡಿ 9 ಅಂಗುಲದ ದೇಹ ಇದನ್ನೆಲ್ಲ ಮಾಡಬೇಕೆಂದರೆ? ನೆಲದಿಂದ ಸೊಂಟ ಬಹಳ ಎತ್ತರದಲ್ಲಿರುತ್ತದೆ. ಕಾಲುಗಳು ಉದ್ದವಾದಷ್ಟೂ ಅವನ್ನು ಒಂದರ ಮುಂದೊಂದು ದಾಟಿಸಿ ತಿರುಗುವುದಕ್ಕೆ ಹೊತ್ತು ಹಿಡಿಯುತ್ತದೆ. ಚುರುಕಾದ ಕುಳ್ಳರು ತೋಳಿನ ಕೆಳಗಿನಿಂದಲೇ ನುಗ್ಗಿಹೋಗುತ್ತಾರೆ. ಮಂಡಿ ಬಗ್ಗಿಸಿ ತಗ್ಗಿ ಆಡು ಎಂದು ಹೇಳುವುದು ಸುಲಭ. ಅಷ್ಟುದ್ದದ ತೊಡೆಯನ್ನು ಪಂದ್ಯದುದ್ದಕ್ಕೂ ಬಗ್ಗಿಸಿಯೇ ಇಡಬೇಕಾದರೆ ಅದಕ್ಕೆ ತಕ್ಕ ಬಲ ಬೇಕು. ಬೆಳೆಯುವ ಹುಡುಗರಲ್ಲಿ ಎಲುಬು ಮುಂದೋಡುತ್ತದೆ, ಬಲ ಹಿಂದಿನಿಂದ ಬರುತ್ತದೆ. ಆ ನಡುವಿನ ಕೆಲವು ವರ್ಷಗಳಲ್ಲಿ ಹುಡುಗನು ತನ್ನದೇ ಕೈಕಾಲುಗಳಿಗೆ ಅತಿಥಿಯಂತಿರುತ್ತಾನೆ. ಬಾಸ್ಕೆಟ್‌ಬಾಲಿನ ಸಲಹೆ ಕೊಟ್ಟವರು ದುಷ್ಟರೇನಲ್ಲ. ಕಣ್ಣಿಗೆ ಕಂಡದ್ದನ್ನು ಹೇಳಿದರು, ಅಷ್ಟೆ.

ಮನೆಯಲ್ಲಿ ಒಬ್ಬರಿಗೆ ಮಾತ್ರ ಬೇರೊಂದು ಕಾಣುತ್ತಿತ್ತು. ತಂದೆ ಜ್ಡೆನೆಕ್ ಚಾರಾ ಗ್ರೀಕೊ-ರೋಮನ್ ಶೈಲಿಯ ಕುಸ್ತಿಪಟು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ತಮ್ಮ ದೇಶದ ಪರವಾಗಿ ಸೆಣಸಿದವರು. ಈ ಶೈಲಿಯ ಕುಸ್ತಿಯಲ್ಲಿ ಎದುರಾಳಿಯನ್ನು ಸೊಂಟದ ಕೆಳಗೆ ಹಿಡಿಯುವಂತಿಲ್ಲ. ಎಲ್ಲ ಪಟ್ಟುಗಳೂ ಸೊಂಟದ ಮೇಲೆ. ಆದರೆ ಅವನ್ನು ಹಾಕುವ ಬಲ ಹುಟ್ಟುವುದು ಮಾತ್ರ ನೆಲಕ್ಕೂರಿದ ಕಾಲಿನಲ್ಲಿ. ಮಗನ ಮೊದಲ ಗುರು ಅವರೇ. ಕುಸ್ತಿಯ ಮನೆಯ ಕಟ್ಟುನಿಟ್ಟು ಹಾಗೆಯೇ ಹಾಕಿಯ ಹುಡುಗನ ಪಾಲಿಗೂ ಬಂತು. ಮಂಜಿನ ಅಂಗಳದಲ್ಲಿ ಕಲಿಯಬೇಕಾದುದನ್ನು ಇತರರು ಕಲಿಸಿಯಾರು, ಅಂಗಳಕ್ಕೆ ಇಳಿಯುವ ದೇಹವನ್ನು ಮನೆಯಲ್ಲಿಯೇ ಕಟ್ಟಬೇಕು. ಅವರ ದಾರಿ ಅದಾಗಿತ್ತು.

1996ರಲ್ಲಿ ಅಮೆರಿಕ-ಕೆನಡಾಗಳ ದೊಡ್ಡ ವೃತ್ತಿಪರ ಕೂಟವಾದ ನ್ಯಾಷನಲ್ ಹಾಕಿ ಲೀಗ್‌ನ ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಂಡಾಗ, ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ ಮೂರನೆಯ ಸುತ್ತಿನಲ್ಲಿ, 56ನೆಯವನಾಗಿ, ಈತನ ಹೆಸರು ಹೇಳಿತು. ಹತ್ತೊಂಬತ್ತರ ಹುಡುಗ ಸರಿಯಾಗಿ ಇಂಗ್ಲಿಷ್ ಬಾರದಿದ್ದರೂ ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತದ ಉತ್ತರಕ್ಕಿರುವ ಪ್ರಿನ್ಸ್ ಜಾರ್ಜ್ ಎಂಬ ಊರಿನ ಕಿರಿಯರ ತಂಡಕ್ಕೆ ಹೋಗಿ ಒಂದು ವರ್ಷ ಆಡಿದನು. ಮರುವರ್ಷ ದೊಡ್ಡ ಲೀಗಿಗೆ ಕಾಲಿಟ್ಟನಾದರೂ, ಬಹುಪಾಲು ಪಂದ್ಯಗಳನ್ನು ಕೆಳದರ್ಜೆಯ ಲೀಗಿನಲ್ಲಿ, ಕೆಂಟಕಿಯ ತಂಡದೊಡನೆ ಕಳೆಯಬೇಕಾಯಿತು. ದೊಡ್ಡ ಲೀಗಿನಲ್ಲಿ ಅವನಷ್ಟು ಎತ್ತರದವರು ಅದುವರೆಗೆ ಯಾರೂ ಆಡಿರಲಿಲ್ಲ. ಜನ ಬಂದು ನೋಡಿದರು. ನೋಡಿದವರು ಹೆಚ್ಚಾಗಿ ಎತ್ತರವನ್ನೇ ನೋಡಿದರು.

ಇಲ್ಲಿ ಅಂಕಿಗಳ ಮಾತನ್ನಾಡದೆ ಗತ್ಯಂತರವಿಲ್ಲ. ಆ ಆಟದಲ್ಲಿ ‘ಪ್ಲಸ್-ಮೈನಸ್’ ಎಂಬ ಒಂದು ಲೆಕ್ಕವಿದೆ. ಆಟಗಾರನು ಅಂಗಳದಲ್ಲಿರುವಾಗ ತನ್ನ ತಂಡ ಗೋಲು ಹೊಡೆದರೆ ಅವನ ಖಾತೆಗೆ ಒಂದು ಕೂಡುತ್ತದೆ, ಎದುರಾಳಿ ಹೊಡೆದರೆ ಒಂದು ಕಳೆಯುತ್ತದೆ. (ದಂಡನೆಯಿಂದಾಗಿ ಒಂದು ಕಡೆ ಆಟಗಾರರು ಕಡಮೆಯಾದಾಗಿನ ಲೆಕ್ಕಕ್ಕೆ ಬೇರೆ ನಿಯಮವುಂಟು, ಅದು ನಮಗಿಲ್ಲಿ ಬೇಡ.) 1999-2000ರ ಸಾಲಿನಲ್ಲಿ ಚಾರಾನ ಲೆಕ್ಕ ಮೈನಸ್ 27. ಮುಂದಿನ ವರ್ಷ ಮತ್ತೆ ಮೈನಸ್ 27. ನಾಲ್ಕು ಸಾಲುಗಳಲ್ಲಿ ಆಡಿದ 231 ಪಂದ್ಯಗಳಲ್ಲಿ ಹೊಡೆದ ಗೋಲುಗಳು ಒಟ್ಟು ಆರು.

ಮೇ ತಿಂಗಳಲ್ಲಿ ಅಂಕಪಟ್ಟಿ ಹಿಡಿದು ನನ್ನ ಬಳಿಗೆ ಬರುವ ತಂದೆತಾಯಿಗಳಿಗೆ ಇಂಥ ಅಂಕಿಗಳ ಭಾರ ಏನೆಂಬುದು ಗೊತ್ತು. ಹಾಳೆಯ ಮೇಲೆ ಅಚ್ಚಾದದ್ದು ಸತ್ಯವೇ. ಅದು ಯಾವುದರ ಸತ್ಯ ಎಂಬುದನ್ನು ಕೇಳುವ ವ್ಯವಧಾನ ಮಾತ್ರ ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ.

ಕೊನೆಗೆ 2001ರ ಜೂನ್ 23ರಂದು ಐಲ್ಯಾಂಡರ್ಸ್ ತಂಡ ಅಲೆಕ್ಸಿ ಯಾಶಿನ್ ಎಂಬ ಹೆಸರಾಂತ ದಾಳಿಗಾರನನ್ನು ಕೊಳ್ಳುವ ಆತುರದಲ್ಲಿ, ಚಾರಾನನ್ನೂ ಇನ್ನೊಬ್ಬ ಆಟಗಾರನನ್ನೂ ಆ ವರ್ಷದ ಎರಡನೆಯ ಆಯ್ಕೆಯ ಹಕ್ಕನ್ನೂ ಕೆನಡಾದ ಒಟ್ಟಾವಾ ತಂಡಕ್ಕೆ ಒಪ್ಪಿಸಿಬಿಟ್ಟಿತು. ಆ ಹಕ್ಕಿನಿಂದ ಒಟ್ಟಾವಾ ಆರಿಸಿಕೊಂಡ ಹುಡುಗ ಜೇಸನ್ ಸ್ಪೆಜಾ ಮುಂದೆ ಬಹಳ ಹೆಸರು ಮಾಡಿದನೆಂಬುದು ಬೇರೆಯೇ ಕತೆ. ವ್ಯಾಪಾರದ ತಕ್ಕಡಿಯಲ್ಲಿ ಚಾರಾ ಅಂದು ಜೊತೆಗೆ ಕೊಟ್ಟ ಸರಕು. ರಕ್ಷಕನೊಬ್ಬನು ಸುಮಾರು 300 ಪಂದ್ಯಗಳನ್ನಾದರೂ ಆಡುವವರೆಗೆ ಅವನ ಬಗೆಗೆ ತೀರ್ಪು ಹೇಳಬಾರದೆಂಬ ಮಾತು ಆ ಆಟದವರಲ್ಲಿ ರೂಢಿಯಲ್ಲಿದೆ. ಈತನ ತೀರ್ಪು 231ಕ್ಕೇ ಬರೆದಾಗಿತ್ತು. ಹಲಸನ್ನು ಗುದ್ದಿ ಹಣ್ಣುಮಾಡಲಾಗದೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಕಾಯುವವನ ಸಮಾಧಾನಕ್ಕಾಗಿ. ಇಲ್ಲಿ ಕಾಯುವ ಗೋಜಿಗೆ ಹೋಗದೆ ಕಾಯಿಯನ್ನೇ ಮಾರಿದರು.

ಆ ಲೀಗಿನ ಪಂದ್ಯಗಳು ಅಕ್ಟೋಬರಿನಲ್ಲಿ ಆರಂಭವಾಗಿ ಏಪ್ರಿಲಿಗೆ ಮುಗಿಯುತ್ತವೆ. ಮುಂದಿನ ಸುತ್ತುಗಳಲ್ಲಿ ಗೆಲ್ಲುತ್ತ ಹೋದವರಿಗೆ ಮಾತ್ರ ಜೂನ್‌ವರೆಗೆ ಆಟ. ಸೆಪ್ಟೆಂಬರಿನಲ್ಲಿ ತಂಡದ ಶಿಬಿರ. ಸೋಲುವ ತಂಡದ ಯುವಕನಿಗೆ ಹೀಗಾಗಿ ನಾಲ್ಕು-ನಾಲ್ಕೂವರೆ ತಿಂಗಳ ಬೇಸಿಗೆ ದೊರೆಯುತ್ತದೆ. ಸೋಲಿನಿಂದ ಸಿಗುವ ಒಂದೇ ಲಾಭ ಅದು. ಆಡುವ ತಿಂಗಳುಗಳಲ್ಲಿ ಹೊಸತನ್ನು ಕಲಿಯಲು ಬಿಡುವಿಲ್ಲ. 82 ಪಂದ್ಯಗಳು, ವಿಮಾನ ಪ್ರಯಾಣ, ಮೈಕೈ ನೋವು. ಇದ್ದ ಬಲವನ್ನು ಕರಗದಂತೆ ಕಾಪಾಡಿಕೊಂಡರೆ ಅದೇ ದೊಡ್ಡದು. ಪಂದ್ಯದ ನಡುವೆ ಕಾಲಿನ ಹಳೆಯ ಚಾಳಿಯನ್ನು ತಿದ್ದಲು ಹೊರಟರೆ ಹಳೆಯದೂ ಕೈಬಿಡುತ್ತದೆ, ಹೊಸದೂ ಹತ್ತುವುದಿಲ್ಲ. ಆದುದರಿಂದ ಕಲಿಯುವುದೇನಿದ್ದರೂ ಬೇಸಿಗೆಯಲ್ಲಿ, ಯಾರೂ ನೋಡದಿರುವಾಗ.

ಆ ಕಲಿಕೆಗೂ ಒಂದು ಕ್ರಮವಿದೆ. ಮೊದಲು ಕೆಲವು ವಾರ ವಿಶ್ರಾಂತಿ, ಪೆಟ್ಟುಗಳ ಆರೈಕೆ. ಬಳಿಕ ಮಂಜಿನಿಂದ ದೂರ, ನೆಲದ ಮೇಲಿನ ಸಾಧನೆ: ಭಾರ ಹೊತ್ತು ಮಂಡಿ ಬಗ್ಗಿಸಿ ಏಳುವುದು, ಒಂಟಿ ಕಾಲಿನಲ್ಲಿ ಅದನ್ನೇ ಮಾಡುವುದು, ಸೊಂಟದ ಕೀಲನ್ನು ಸಡಿಲಗೊಳಿಸುವುದು, ಸೈಕಲ್ ತುಳಿಯುವುದು. ಸ್ಕೇಟಿಂಗ್‌ನಲ್ಲಿ ಭಾರವೆಲ್ಲ ಯಾವಾಗಲೂ ಒಂದೊಂದೇ ಕಾಲಿನ ಮೇಲೆ ಬೀಳುವುದರಿಂದ ಆ ಒಂಟಿ ಕಾಲಿನ ವ್ಯಾಯಾಮಕ್ಕೆ ವಿಶೇಷ ಬೆಲೆ. ಬೇಸಿಗೆ ಇಳಿಮುಖವಾದಂತೆ ಮಂಜಿಗೆ ಮರಳುವುದು. ಅಲ್ಲಿಯೂ ಆರಂಭದಲ್ಲಿ ಪಂದ್ಯವಿಲ್ಲ, ಹಲವು ವೇಳೆ ಪಕ್ ಕೂಡ ಇಲ್ಲ. ಸ್ಕೇಟಿನ ಅಲಗಿಗೆ ಎರಡು ಅಂಚುಗಳಿವೆ, ಒಳಗಿನದೊಂದು, ಹೊರಗಿನದೊಂದು. ಯಾವ ತಿರುವಿನಲ್ಲಿ ಯಾವ ಅಂಚಿನ ಮೇಲೆ ಭಾರ ಬೀಳಬೇಕೆಂಬುದನ್ನು ಮೈ ಮರೆಯಲಾರದಷ್ಟು ಸಲ ಮಾಡುವುದು. ಒಂದೊಂದೇ ಕಾಲಿನಿಂದ ಮಂಜಿನ ಮೇಲೆ ಅರ್ಧ ಚಂದ್ರ ಬರೆಯುತ್ತ ಹಿಮ್ಮುಖವಾಗಿ ಸಾಗುವುದು. ಹಿಂದಕ್ಕೆ ಹತ್ತು ಗಜ ಜಾರಿ, ಬಲಕ್ಕೆ ತಿರುಗಿ ಓಡು. ಮತ್ತೆ ಹಿಂದಕ್ಕೆ, ಎಡಕ್ಕೆ ತಿರುಗಿ ಓಡು. ನೋಡುವವನಿಗೆ ಐದು ನಿಮಿಷಕ್ಕೆ ಆಕಳಿಕೆ ಬರುವಂಥ ಕೆಲಸ.

ಗೋಲಿಗೆ ಹೊಡೆಯುವ ವಿದ್ಯೆಯೂ ಹೀಗೆಯೇ. ಜೋರಾಗಿ ಹೊಡೆಯುವುದೆಂದರೆ ಪಕ್ಕಿಗೆ ಬಲವಾಗಿ ಬಡಿಯುವುದೆಂದು ನಾನೂ ತಿಳಿದಿದ್ದೆ. ಹಾಗಲ್ಲ. ಕೋಲು ಮೊದಲು ತಾಗುವುದು ಪಕ್ಕಿನ ತುಸು ಹಿಂದಿನ ಮಂಜಿಗೆ. ಅಲ್ಲಿ ಕೋಲು ಬಿಲ್ಲಿನಂತೆ ಬಾಗುತ್ತದೆ. ಬಾಗಿದ ಕೋಲು ನೆಟ್ಟಗಾಗುವ ಕ್ಷಣದಲ್ಲಿ ಆ ಶಕ್ತಿಯೆಲ್ಲ ಪಕ್ಕಿಗೆ ಸಲ್ಲುತ್ತದೆ. ಉದ್ದನೆಯ ತೋಳು, ಉದ್ದನೆಯ ಕೋಲು ಇಲ್ಲಿ ಅನುಕೂಲವಾಗುತ್ತವೆ. ಸಾಮಾನ್ಯ ಆಟಗಾರರಿಗೆ 63 ಅಂಗುಲದ ಕೋಲಿನ ಮಿತಿ ಇದ್ದರೆ, ತೀರ ಎತ್ತರದವರಿಗೆ 65 ಅಂಗುಲದವರೆಗೆ ರಿಯಾಯಿತಿ ದೊರೆತಿತ್ತು. ಚಾರಾ ಅದನ್ನು ಪೂರ್ತಿಯಾಗಿ ಬಳಸಿಕೊಂಡನು. ಅದೇ ಉದ್ದದ ಕೋಲನ್ನು ನೆಲಮಟ್ಟದಲ್ಲಿ ಚಾಚಿ ಬೀಸಿದರೆ, ದಾಳಿಗಾರನು ಪಕ್ ಸಾಗಿಸುವ ದಾರಿಯೇ ಮುಚ್ಚಿಹೋಗುತ್ತದೆ. ಎದೆಗೆ ಎದೆ ಕೊಟ್ಟು ಬೀಳಿಸುವುದಕ್ಕಿಂತ ಇದು ಶಾಂತವಾದ ವಿದ್ಯೆ. ಎತ್ತರದ ರಕ್ಷಕನು ಕಲಿಯಬೇಕಾದ ಮೊದಲ ವಿದ್ಯೆಯೂ ಇದೇ ಎಂದು ನನಗೆ ತೋರುತ್ತದೆ. ಒಂದು ದಿನ ಚಾಟಿಯಾಗುವ ಈ ತೋಳು, ಅಭ್ಯಾಸವಾಗುವ ತನಕ ದಾರಿಗಡ್ಡ ಬಂದ ಕೊಂಬೆಯಂತಿರುತ್ತದೆ.

ಗುರುಮಠದ ದಿನಗಳಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ಒಂದು ವಿಂಗಡಣೆ ನಮ್ಮ ಮುಂದೆ ಬಂದಿತ್ತು. ನೋಡಿ ನೋಡಿ ನಾವು ಕಣ್ಣು ಪಡೆದವರಲ್ಲ, ಕಣ್ಣಿದ್ದುದರಿಂದ ನೋಡಿದೆವು. ಮನೆ ಕಟ್ಟುವವನ ವಿಷಯ ಹಾಗಲ್ಲ. ಅವನು ಕಟ್ಟಿ ಕಟ್ಟಿಯೇ ಕಟ್ಟುವವನಾಗುತ್ತಾನೆ. ಮೊದಲನೆಯದು ಹುಟ್ಟಿನ ಕೊಡುಗೆ, ಎರಡನೆಯದು ಅಭ್ಯಾಸದ ಗಳಿಕೆ. ಸಂತ ತೋಮಸ್ ಅಕ್ವಿನಾಸರು ಈ ಎರಡನೆಯದಕ್ಕೆ ‘ಹಾಬಿಟುಸ್’ ಎಂಬ ಹೆಸರಿನಿಂದ ವಿಸ್ತಾರವಾದ ವಿವೇಚನೆ ಬರೆದರು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ನಮಗೆ ಅಂದು ಅದು ಒಣ ವಿಷಯ. ಚಾರಾನ ಎತ್ತರ ಅರಿಸ್ಟಾಟಲನ ಕಣ್ಣಿನ ಸಾಲಿಗೆ ಸೇರಿದ್ದು, ಕೇವಲ ಕೊಡುಗೆ. ಅದನ್ನು ಕಂಡು ಕೆಲವರು ಈತನಿಗೆ ಆಟ ಬರುವುದಿಲ್ಲವೆಂದರು. ಇನ್ನು ಕೆಲವರು ಇಷ್ಟೆತ್ತರದವನಿಗೆ ಬಂದೇ ಬರುತ್ತದೆಂದು ಆರಿಸಿಕೊಂಡು, ತಕ್ಷಣ ಬಾರದಿದ್ದಾಗ ಬೇಸತ್ತರು. ಎರಡು ಪಕ್ಷದವರ ತಪ್ಪೂ ಒಂದೇ. ಹುಟ್ಟಿನ ಕೊಡುಗೆಯನ್ನೇ ಅಭ್ಯಾಸದ ಗಳಿಕೆಯೆಂದು ಎಣಿಸಿ ಲೆಕ್ಕ ಹಾಕಿದರು. ನಡುವೆ ಎಷ್ಟು ಬೇಸಿಗೆಗಳು ಬೇಕಾದವೆಂಬುದನ್ನು ಯಾರೂ ಎಣಿಸಲಿಲ್ಲ.

ಒಟ್ಟಾವಾದಲ್ಲಿ ಮೊದಲ ಸಾಲು, 2001-02. ಗೋಲುಗಳು ಹತ್ತು, ಅಂದರೆ ಅದುವರೆಗಿನ ನಾಲ್ಕು ಸಾಲುಗಳಲ್ಲಿ ಹೊಡೆದುದಕ್ಕಿಂತ ಹೆಚ್ಚು. ಪ್ಲಸ್-ಮೈನಸ್ ಲೆಕ್ಕದಲ್ಲಿ ಪ್ಲಸ್ 30. ಎರಡು ವರ್ಷಗಳ ತರುವಾಯ 16 ಗೋಲು, ಪ್ಲಸ್ 33.

ಇಷ್ಟು ಹೇಳಿ, ನೋಡಿದಿರಾ ಬೇಸಿಗೆಯ ಫಲವನ್ನು ಎಂದು ಮುಗಿಸಿಬಿಡುವುದು ಸುಲಭವಾಗಿತ್ತು. ಅದು ಪೂರ್ಣ ಸತ್ಯವಲ್ಲ. ಮೈನಸ್ 27ರಿಂದ ಪ್ಲಸ್ 30ಕ್ಕೆ ಒಂದೇ ವರ್ಷದಲ್ಲಿ ಯಾವ ಮನುಷ್ಯನೂ ಬದಲಾಗುವುದಿಲ್ಲ. ಐಲ್ಯಾಂಡರ್ಸ್ ಅಂದು ಸೋಲುತ್ತಿದ್ದ ತಂಡ. ಒಟ್ಟಾವಾ ಗೆಲ್ಲುತ್ತಿದ್ದ ತಂಡ, ಟ್ರೆಂಚೀನಿನಲ್ಲಿಯೇ ಬೆಳೆದ ಮರಿಯಾನ್ ಹೊಸ್ಸಾನಂಥ ದಾಳಿಗಾರರಿದ್ದ ತಂಡ. ಒಬ್ಬನ ಹೆಸರಿನಲ್ಲಿ ಬರೆದಿಟ್ಟ ಆ ಅಂಕಿ ವಾಸ್ತವವಾಗಿ ಅಂಗಳದಲ್ಲಿದ್ದ ಎಲ್ಲರ ಅಂಕಿ. ಇದಕ್ಕೆ ಆತನ ಬಾಳಿನಲ್ಲಿಯೇ ಸಾಕ್ಷಿಯಿದೆ. 2006ರಲ್ಲಿ ಬೋಸ್ಟನ್ ಬ್ರೂಯಿನ್ಸ್ ತಂಡ ಐದು ವರ್ಷಗಳ ಒಪ್ಪಂದ ಮಾಡಿಕೊಂಡು ಚಾರಾನನ್ನು ನಾಯಕನನ್ನಾಗಿ ಮಾಡಿತು. ತಂಡ ಆಗ ದುರ್ಬಲವಾಗಿತ್ತು. ಮೊದಲ ಸಾಲಿನಲ್ಲಿ ನಾಯಕನ ಲೆಕ್ಕ ಮೈನಸ್ 21. ಇಪ್ಪತ್ತೊಂಬತ್ತು ವಯಸ್ಸಿನ, ಪೂರ್ಣವಾಗಿ ಪಳಗಿದ ಆಟಗಾರನಿಗೆ ಮತ್ತೆ ಅದೇ ಕೆಂಪು ಮಸಿಯ ಬರೆಹ. ಹಾಗಾದರೆ ಐದು ವರ್ಷಗಳ ಹಿಂದೆ ಅದೇ ಬಗೆಯ ಅಂಕಿಯನ್ನು ನೋಡಿ ಯುವಕನನ್ನು ಅಳೆದವರು ಅಳೆದದ್ದು ಯಾರನ್ನು?

ಬೇಸಿಗೆಯ ಸಾಧನೆ ಕೊಟ್ಟದ್ದು ಅಂಕಿಯನ್ನಲ್ಲ. ಅಂಕಿ ಎತ್ತ ಹೊರಳಿದರೂ ಪ್ರತಿ ಪಂದ್ಯದಲ್ಲಿ ಎದುರಾಳಿಯ ಅತ್ಯುತ್ತಮ ದಾಳಿಗಾರರ ಮುಂದೆಯೇ ನಿಲ್ಲಬಲ್ಲ ಕಾಲುಗಳನ್ನು ಅದು ಕೊಟ್ಟಿತು. ತಂಡ ಸುಧಾರಿಸಿದ ಮೇಲೆ ಲೆಕ್ಕವೂ ಸುಧಾರಿಸಿತು. 2009ರಲ್ಲಿ ಲೀಗಿನ ಅತ್ಯುತ್ತಮ ರಕ್ಷಕನಿಗೆ ಸಲ್ಲುವ ನಾರಿಸ್ ಪಾರಿತೋಷಕ ಆತನದಾಯಿತು. 2011ರ ಜೂನ್ 15ರಂದು ಬೋಸ್ಟನ್ ತಂಡ ವ್ಯಾಂಕೂವರಿನಲ್ಲಿ ಏಳನೆಯ ಪಂದ್ಯವನ್ನು 4-0ರಿಂದ ಗೆದ್ದು, 39 ವರ್ಷಗಳ ಬಳಿಕ ಸ್ಟ್ಯಾನ್ಲಿ ಕಪ್ಪನ್ನು ಪಡೆದಾಗ ಅದನ್ನು ಮೊದಲು ಎತ್ತಿಹಿಡಿದವನು ಚಾರಾ. 2012ರಲ್ಲಿ ತನ್ನ ಹಳೆಯ ಊರಾದ ಒಟ್ಟಾವಾದಲ್ಲಿ ನಡೆದ ಕೌಶಲ ಸ್ಪರ್ಧೆಯಲ್ಲಿ ಗಂಟೆಗೆ 108.8 ಮೈಲಿ ವೇಗದಲ್ಲಿ ಪಕ್ ಹೊಡೆದು, ತನ್ನದೇ ಹಿಂದಿನ ದಾಖಲೆಯನ್ನು ಮುರಿದನು. 231 ಪಂದ್ಯಗಳಲ್ಲಿ ಆರು ಗೋಲಿನ ಹುಡುಗ! ಅತ್ತ, ಯಾರಿಗಾಗಿ ಈತನನ್ನು ಬಿಟ್ಟುಕೊಟ್ಟರೋ ಆ ಯಾಶಿನ್‌ಗೆ ಹತ್ತು ವರ್ಷಗಳ ಭಾರಿ ಒಪ್ಪಂದ ಬರೆದುಕೊಟ್ಟಿದ್ದ ಐಲ್ಯಾಂಡರ್ಸ್, 2007ರಲ್ಲಿ ಪರಿಹಾರ ತೆತ್ತು ಅದರಿಂದ ಬಿಡಿಸಿಕೊಂಡಿತು. ಇದನ್ನು ಹೇಳುವಾಗ ನನಗೆ ಸಂತೋಷವಿಲ್ಲ. ಯಾಶಿನ್ ಒಳ್ಳೆಯ ಆಟಗಾರನೇ ಆಗಿದ್ದನು.

ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಕಪ್ಪಿನ ಚಿತ್ರವಲ್ಲ, ಅದರ ನಂತರದ ವರ್ಷಗಳು. ಆಟ ಬರಬರುತ್ತ ಇನ್ನಷ್ಟು ವೇಗವಾಯಿತು. ಚುರುಕಿನ ಸಣ್ಣ ದೇಹದವರಿಗೆ ಬೆಲೆ ಹೆಚ್ಚಿತು. ನಾಲ್ವತ್ತರ ಸಮೀಪಕ್ಕೆ ಬಂದ, ಎಲ್ಲ ಬಿರುದುಗಳನ್ನೂ ಗಳಿಸಿದ ಮನುಷ್ಯನು ಮತ್ತೆ ಬೇಸಿಗೆಯಲ್ಲಿ ಕೌಶಲ ಕಲಿಸುವ ಕಿರಿಯ ಗುರುವಿನ ಮುಂದೆ ನಿಂತು, ಪಕ್ಕನ್ನು ಬೇಗನೆ ಬಿಟ್ಟುಕೊಡುವುದನ್ನೂ ಚಿಕ್ಕ ಹೆಜ್ಜೆಗಳಲ್ಲಿ ತಿರುಗುವುದನ್ನೂ ಹೊಸದಾಗಿ ಕಲಿತನು. ಪ್ರಾಣಿಜನ್ಯ ಆಹಾರವನ್ನು ಬಿಟ್ಟು ಸಸ್ಯಾಹಾರಕ್ಕೆ ತಿರುಗಿದನು. ಐವತ್ತು ದಾಟಿದ ನಮ್ಮಂಥವರಿಗೆ ಹೊಸ ಪಾಠ ಹೇಳಬಂದ ಕಿರಿಯರನ್ನು ಕಂಡರೆ ಮೂಗು ಕೆಂಪಾಗುವುದನ್ನು ನಾನು ಬಲ್ಲೆ. ಏಳು ಭಾಷೆಗಳನ್ನು ಮಾತನಾಡಬಲ್ಲನೆಂದು ಹೆಸರಾದ ಆತನಿಗೆ ಕಲಿಯುವವನ ಬೆಂಚಿನಲ್ಲಿ ಕೂರುವುದು ಮೊದಲಿನಿಂದಲೂ ಅಭ್ಯಾಸವಾಗಿತ್ತೇನೋ.

2019ರ ಅಂತಿಮ ಸರಣಿಯಲ್ಲಿ ಪಕ್ ಬಡಿದು ದವಡೆ ಮುರಿದಾಗ, ಮುಂದಿನ ಪಂದ್ಯಕ್ಕೂ ಆತ ಇಳಿದನು. ಇದನ್ನು ವೀರಗಾಥೆಯಂತೆ ಹಾಡುವವರುಂಟು. ಮುರಿದ ದವಡೆಯೊಡನೆ ಆಡುವುದು ವಿವೇಕವೇ ಎಂಬ ಸಂದೇಹ ನನ್ನಲ್ಲಿ ಉಳಿದಿದೆ. ಬೆಳೆಯುವ ಹುಡುಗರು ಅನುಕರಿಸಬೇಕಾದ ಭಾಗ ಅದಲ್ಲವೆಂದೇ ನನ್ನ ಅಭಿಪ್ರಾಯ.

2022ರ ಸೆಪ್ಟೆಂಬರ್ 20ರಂದು, ಬೋಸ್ಟನ್ ತಂಡದೊಡನೆ ಒಂದೇ ದಿನದ ಒಪ್ಪಂದಕ್ಕೆ ಸಹಿ ಹಾಕಿ, ಆ ತಂಡದವನಾಗಿಯೇ ಚಾರಾ ನಿವೃತ್ತನಾದನು. ಆಡಿದ ಪಂದ್ಯಗಳು 1680. ಅಷ್ಟು ಪಂದ್ಯಗಳನ್ನು ಅದುವರೆಗೆ ಆ ಲೀಗಿನಲ್ಲಿ ಯಾವ ರಕ್ಷಕನೂ ಆಡಿರಲಿಲ್ಲ. 2025ರಲ್ಲಿ ಟೊರೊಂಟೊದ ಹಾಕಿ ಕೀರ್ತಿಮಂದಿರಕ್ಕೆ ಹೆಸರು ಸೇರಿತು. ಈ ಎರಡರ ನಡುವೆ, 2023ರ ಏಪ್ರಿಲಿನಲ್ಲಿ, ನಾಲ್ವತ್ತಾರರ ಈ ಎತ್ತರದ ಮನುಷ್ಯ ಬೋಸ್ಟನ್ನಿನ ಮ್ಯಾರಥಾನ್ ಓಡಿದ್ದುಂಟು. ತೆಗೆದುಕೊಂಡ ಕಾಲ 3 ಗಂಟೆ 38 ನಿಮಿಷ 23 ಸೆಕೆಂಡು. ಓಟ ಏಪ್ರಿಲಿನಲ್ಲಿ ಬರುವುದರಿಂದ, ಅದಕ್ಕೆ ಬೇಕಾದ ಸಾಧನೆಯನ್ನು ಈ ಸಲ ಚಳಿಗಾಲದಲ್ಲಿ ಮಾಡಬೇಕಾಗಿ ಬಂದಿತ್ತು.